ಎಡಬಾಗಿಲ ನೆಗ್ಗು

ಭಾನುವಾರ ಬೆಳಿಗ್ಗೆ ಹಾಲು ತರಲು ಇಳಿದಾಗ, ಮೊದಲ ಮಹಡಿಯ ಪಾಟೀಲರು ಪಾರ್ಕಿಂಗಿನಲ್ಲಿ ತಮ್ಮ ಕಾರಿನ ಬಾಗಿಲಿಗೆ ರಬ್ಬರಿನ ಬಟ್ಟಲೊಂದನ್ನು ಅಂಟಿಸಿಕೊಂಡು ಎಳೆಯುತ್ತಿದ್ದರು. ಧಾರವಾಡದ ಕಡೆಯವರು. ನಮ್ಮ ಬಿಟಿಎಂ ಲೇಔಟಿಗೆ ಬಾಡಿಗೆಗೆ ಬಂದು ಇನ್ನೂ ವರ್ಷವಾಗಿಲ್ಲ. ಬಾಗಿಲಲ್ಲಿ ಅಂಗೈಯಗಲದ ನೆಗ್ಗು ಬಿದ್ದಿತ್ತು.

"ಸರ, ಸ್ವಲ್ಪ ಬಾಗಲಾ ಒತ್ತಿ ಹಿಡೀರಿ. ನಾ ಜಗ್ತೀನಿ."

ನಾನು ಹಿಡಿದೆ, ಅವರು ಜಗ್ಗಿದರು. ಯಾರು ಗುದ್ದಿದ್ದು ಎಂದು ನಾನೇನೂ ಕೇಳಿರಲಿಲ್ಲ. ಆದರೂ ಮೇಲೆ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದ ಅವರ ಹೆಂಡತಿ ಬಗ್ಗಿ ನೋಡಿ, "ನಾ ಅಂತೂ ಅಲ್ರಿ ಮತ್ತ. ನಾ ಆ ಕಾರ್ ಮುಟ್ಟೇ ಇಲ್ಲ" ಎಂದರು.

ಠಪ್ ಎಂದು ತಗಡು ಮೇಲೆದ್ದಿತು. ಪಾಟೀಲರು ಖುಷಿಯಾಗಿ ಚಹಾಕ್ಕೆ ಕರೆದರು. ನಾನು ಆಮೇಲೆ ಬರುತ್ತೇನೆಂದು ಹೇಳಿ, ಹಾಲನ್ನೂ ಮರೆತು ಮೇಲೆ ಬಂದುಬಿಟ್ಟೆ. ಆ ಹೆಂಗಸು ಕೇಳದೆಯೇ ಕೊಟ್ಟ ಉತ್ತರ ನನ್ನ ಹಿಂದೆಯೇ ಮೆಟ್ಟಿಲು ಹತ್ತಿಕೊಂಡು ಬಂತು.

ನಾನು ಪತ್ರಿಕೆಯ ಡೆಸ್ಕಿನಲ್ಲಿ ಕೂತು ಬದುಕಿದವನು. ಯಾರು, ಏನು, ಎಲ್ಲಿ, ಯಾವಾಗ ಎಂಬುದು ಮೊದಲ ಪ್ಯಾರಾದಲ್ಲೇ ಬರಬೇಕು ಎಂದು ಹೊಸಬರಿಗೆ ಪಾಠ ಹೇಳಿದವನು. ಈಗ ಹೇಳಹೊರಟಿರುವ ಸುದ್ದಿಯಲ್ಲಿ ಏನು, ಎಲ್ಲಿ, ಯಾವಾಗ ಎಲ್ಲವೂ ಮೊದಲ ದಿನವೇ ಗೊತ್ತಿತ್ತು. 'ಯಾರು' ಎಂಬುದು ತಿಳಿಯಲು ನಮ್ಮ ಮನೆಗೆ ವರ್ಷಗಳೇ ಹಿಡಿದವು. ಅದೂ ಒಂದೇ ಸೂರಿನ ಕೆಳಗೆ, ಒಂದೇ ಡೈನಿಂಗ್ ಟೇಬಲ್ಲಿನ ಸುತ್ತ.

ಅದಕ್ಕೆ ಮೊದಲು ಬೇರೊಂದು ಮಾತು. ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ನೆಗ್ಗುತ್ತಿದ್ದದ್ದು ಪಾತ್ರೆಗಳು ಮಾತ್ರ. ಆಗ ಜಯನಗರದಲ್ಲಿ ಬಾಡಿಗೆ ಮನೆ. ಕಲಾಯಿಯವನು ಬಂದು ಎದುರಿನ ಹೊಂಗೆಮರದ ಕೆಳಗೆ ತಿದಿ ಹೂಡಿದರೆ ಬೀದಿಯ ಹಿತ್ತಾಳೆ ತಾಮ್ರವೆಲ್ಲ ಅಲ್ಲಿ ಸೇರುತ್ತಿತ್ತು. ನೆಗ್ಗಿದ ಚೊಂಬಿನ ಒಳಗೆ ಮರದ ಕೊಡತಿ ಇಳಿಸಿ, ಹೊರಗಿನಿಂದ ಮೆಲ್ಲಗೆ ತಟ್ಟಿ, ಅವನು ಅದನ್ನು ದುಂಡಗೆ ಮಾಡುವುದನ್ನು ನೋಡಲು ನಾನು ಊಟ ಬಿಟ್ಟು ಕೂರುತ್ತಿದ್ದೆ. ಚೊಂಬು ಬೀಳಿಸುತ್ತಿದ್ದವನೂ ಬಹುಮಟ್ಟಿಗೆ ನಾನೇ. ಸಂಜೆ ಅಪ್ಪ ಬಂದು "ಯಾರು ಬೀಳಿಸಿದ್ದು?" ಎಂದು ಕೇಳಿದರೆ ಅಮ್ಮ, "ಬಿತ್ತು" ಎನ್ನುತ್ತಿದ್ದಳು. ಅಷ್ಟೇ. ಮುಂದಿನ ಪ್ರಶ್ನೆಗೆ ಅವಳು ಅಡುಗೆಮನೆಯಲ್ಲಿರುತ್ತಿದ್ದಳು.

ತೊಂಬತ್ತರ ದಶಕದ ಆರಂಭದಲ್ಲಿ ಜೆ.ಪಿ. ನಗರದಲ್ಲಿ ಸ್ವಂತ ಮನೆಯಾಯಿತು. ಅದರ ಹಿಂದೆಯೇ ಬಾದಾಮಿ ಬಣ್ಣದ ಹೊಸ ಫಿಯಟ್ ಬಂತು. ಅಪ್ಪ ಸರ್ಕಾರಿ ಎಂಜಿನಿಯರ್. ಆಫೀಸಿಗೆ ಇಲಾಖೆಯ ಜೀಪು ಬರುತ್ತಿತ್ತು. ಆದ್ದರಿಂದ ಫಿಯಟ್ಟು ವಾರವೆಲ್ಲ ಶೆಡ್ಡಿನಲ್ಲಿ ಹೊದಿಕೆ ಹೊದ್ದು ಮಲಗಿರುತ್ತಿತ್ತು. ಭಾನುವಾರ ಅಪ್ಪ ಅದರ ಮುಸುಕು ತೆಗೆದು, ಹಳೆ ಬನಿಯನ್ನಿನಲ್ಲಿ ಒರೆಸಿ, ಸುತ್ತ ಒಂದು ಪ್ರದಕ್ಷಿಣೆ ಬರುತ್ತಿದ್ದರು. "ನೋಡು, ಒಂದು ಗೀರಿಲ್ಲ. ಕಾರ್ ಓಡಿಸೋದು ಅಂದ್ರೆ ಕೈಯಲ್ಲಲ್ಲ, ತಲೇಲಿ" ಎಂಬುದು ಅವರ ನಿತ್ಯದ ಮಾತು.

ಅಮ್ಮನ ತಾಯಿ, ನನ್ನ ಅಜ್ಜಿ, ಇದ್ದದ್ದು ತ್ಯಾಗರಾಜನಗರದಲ್ಲಿ, ಸೋದರಮಾವನ ಮನೆಯಲ್ಲಿ. ಅಜ್ಜಿಗೆ ಸೊಂಟ ಮುರಿದು ಹಾಸಿಗೆ ಹಿಡಿದ ಮೇಲೆ ಅಮ್ಮ ಎರಡು ಬಸ್ಸು ಬದಲಾಯಿಸಿ ಹೋಗಿ ಬರುತ್ತಿದ್ದಳು. ಒಂದು ದಿನ ಊಟ ಬಡಿಸುತ್ತಾ, "ಹೇಗೂ ಕಾರು ಸುಮ್ನೆ ನಿಂತಿರುತ್ತಲ್ಲ, ನಾನೂ ಕಲೀಲಾ?" ಎಂದಳು. ಅಪ್ಪ ನಕ್ಕರು. ನಗು ಒಪ್ಪಿಗೆಯೂ ಅಲ್ಲ, ನಿರಾಕರಣೆಯೂ ಅಲ್ಲ. ಅಮ್ಮ ಅದನ್ನು ಒಪ್ಪಿಗೆ ಎಂದು ಓದಿಕೊಂಡು ಡ್ರೈವಿಂಗ್ ಸ್ಕೂಲಿಗೆ ಸೇರಿದಳು.

ಅವಳು ಕಲಿತಳು, ಚೆನ್ನಾಗಿಯೇ ಕಲಿತಳು. ಲೈಸೆನ್ಸ್ ಬಂದ ಮೇಲೆ ಕೆಲವು ತಿಂಗಳು ಅವಳಾಗಿಯೇ ತ್ಯಾಗರಾಜನಗರಕ್ಕೆ ಓಡಿಸಿಕೊಂಡು ಹೋದಳು. ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಮೂಗಿನ ಮೇಲೆ ಕನ್ನಡಕ ಸರಿಮಾಡಿಕೊಂಡು, ಹಾರ್ನ್ ಮಾಡುವುದಕ್ಕೂ ಸಂಕೋಚಪಡುತ್ತಾ ಹೋಗುತ್ತಿದ್ದಳು. ಅಜ್ಜಿ ಹಾಸಿಗೆಯನ್ನು ಕಿಟಕಿಯ ಪಕ್ಕಕ್ಕೆ ಹಾಕಿಸಿಕೊಂಡಳು. ಹಾಲಿನವಳಿಂದ ಹಿಡಿದು ಮೀಟರ್ ನೋಡಲು ಬಂದವನವರೆಗೆ ಎಲ್ಲರಿಗೂ "ನನ್ನ ಮಗಳು ಬರೋ ಹೊತ್ತು. ಅವಳೇ ಕಾರ್ ಬಿಡೋದು" ಎಂದು ಹೇಳುತ್ತಿದ್ದಳಂತೆ.

ಒಂದು ಮಧ್ಯಾಹ್ನ ಹಿಂದಿರುಗಿ ಬಂದವಳು, ಗೇಟಿನೊಳಗೆ ಕಾರು ತಿರುಗಿಸುವಾಗ ಎಡಬಾಗಿಲನ್ನು ಕಂಬಕ್ಕೆ ಸವರಿದಳು. ರಜೆ ಇದ್ದುದರಿಂದ ನಾನು ಮನೆಯಲ್ಲೇ ಇದ್ದೆ. ಸದ್ದು ದೊಡ್ಡದೇನಲ್ಲ, ಹಪ್ಪಳ ಮುರಿದಷ್ಟು. ಹೋಗಿ ನೋಡಿದರೆ ಬಾಗಿಲಲ್ಲಿ ಒಂದು ಹಿಡಿ ಹೋಗುವಷ್ಟು ಗುಳಿ. ಕೆಳಗೆ ನೆಲದ ಮೇಲೆ ಬೂದುಬಣ್ಣದ ಪುಡಿ, ಚೂರು. ಕಂಬದ ಗಾರೆ ಉದುರಿದೆ ಎಂದುಕೊಂಡು ಅಮ್ಮ ಪೊರಕೆ ತಂದು ಗುಡಿಸಿದಳು. ಕಂಬಕ್ಕೆ ಏನೂ ಆಗಿರಲಿಲ್ಲ. ಅದನ್ನು ನಾನು ನೋಡಿದೆ. ಆದರೆ ನೋಡಿದ್ದಕ್ಕೆ ಅರ್ಥ ಹಚ್ಚಲಿಲ್ಲ.

ಸಂಜೆ ಅಪ್ಪ ಬಂದರು. ಬಗ್ಗಿ, ಬಾಗಿಲನ್ನು ಬಹಳ ಹೊತ್ತು ನೋಡಿದರು. ಬೈಯುತ್ತಾರೆಂದು ಕಾದು ನಿಂತಿದ್ದೆವು. ಅವರು ಎದ್ದು ನಿಂತು ನಕ್ಕರು.

"ಎಲ್ಲರ ಮನೆ ಹೆಂಗಸರೂ ಬಾಗಿಲ ಮುಂದೆ ರಂಗೋಲಿ ಬಿಡ್ತಾರೆ. ನಮ್ಮನೆಯವಳು ಕಾರಿನ ಬಾಗಿಲಿಗೇ ಬಿಟ್ಟಿದಾಳೆ."

ಅಮ್ಮನಿಗೂ ನಗು ಬಂತು. ಬೈಗುಳ ತಪ್ಪಿದ ನಗು. ಆ ಮಾತು ಅಂದಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಮುಂದಿನ ಭಾನುವಾರ ಅಪ್ಪನೇ ಒಂದು ಸಣ್ಣ ಡಬ್ಬಿ ಬಣ್ಣ ತಂದು, ಬಣ್ಣ ಎದ್ದುಹೋದ ಕಡೆ ಬ್ರಷ್ಷಿನಲ್ಲಿ ಸವರಿದರು. ತುಕ್ಕು ಹಿಡಿಯಬಾರದಲ್ಲ ಎಂದರು. ತಗಡು ಬಡಿಯುವ ಟಿಂಕರ್‌ಗೆ ಕೊಟ್ಟು ನೆಗ್ಗು ಎತ್ತಿಸೋಣ ಎಂದು ನಾನು ಹೇಳಿದರೆ, "ಯಾಕೆ? ಇರಲಿ ಬಿಡು. ಅವಳ ಜ್ಞಾಪಕಾರ್ಥ" ಎಂದರು. ಮನೆಗೆ ಯಾರೇ ಬರಲಿ, ಕಾಫಿ ಮುಗಿದ ಮೇಲೆ ಶೆಡ್ಡಿಗೆ ಕರೆದುಕೊಂಡು ಹೋಗಿ ತೋರಿಸುತ್ತಿದ್ದರು. ರಂಗೋಲಿಯ ಮಾತು ಹೇಳುತ್ತಿದ್ದರು. ಬಂದವರು ನಗುತ್ತಿದ್ದರು. ಎರಡನೆಯ ಸಲ ಬಂದವರೂ ನಗುತ್ತಿದ್ದರು. ಡೆಸ್ಕಿನಲ್ಲಿ ನಾವು ಹಳೆಯ ಸುದ್ದಿಯನ್ನು ಬುಟ್ಟಿಗೆ ಎಸೆಯುತ್ತೇವೆ. ನಮ್ಮ ಮನೆಯಲ್ಲಿ ಅದು ಪ್ರತಿ ವಾರವೂ ಮುಖಪುಟದಲ್ಲೇ ಇರುತ್ತಿತ್ತು.

ಅಮ್ಮ ಸ್ಟೀರಿಂಗ್ ಮುಟ್ಟುವುದನ್ನು ಬಿಟ್ಟಳು. ಬಿಡು ಎಂದು ಯಾರೂ ಹೇಳಲಿಲ್ಲ. ಮತ್ತೆ ಎರಡು ಬಸ್ಸು ಶುರುವಾಯಿತು.

ಒಂದು ಸಲ ಅಪ್ಪ ಇನ್‌ಸ್ಪೆಕ್ಷನ್ನಿಗೆಂದು ಊರು ಬಿಟ್ಟಿದ್ದಾಗ ಅಮ್ಮ ನನ್ನನ್ನು ಶೆಡ್ಡಿಗೆ ಕರೆದಳು. "ಕುದಿಯೋ ನೀರು ಹುಯ್ದು, ಬಚ್ಚಲು ಕಟ್ಟಿಕೊಂಡಾಗ ಒತ್ತುತ್ತಾರಲ್ಲ, ಆ ರಬ್ಬರ್ ಪಂಪಿನಲ್ಲಿ ಎಳೆದ್ರೆ ನೆಗ್ಗು ಎದ್ದು ಬರುತ್ತಂತೆ ಕಣೋ. ಪಕ್ಕದ ಮನೆ ಆಂಟಿ ಹೇಳಿದ್ರು."

"ಅಪ್ಪ ಬಂದು ಕೇಳಿದ್ರೆ?"

"ಹೋದ ಮೇಲೆ ಏನು ಕೇಳ್ತಾರೆ? ಇದೊಂದು ಹೋಗಿಬಿಟ್ರೆ ನಾನು ಮತ್ತೆ ಓಡಿಸ್ತೀನಿ. ನಮ್ಮಮ್ಮ ದಿನಾ ಕೇಳ್ತಾಳೆ, ಯಾಕೆ ಬಸ್ಸಲ್ಲಿ ಬಂದೆ ಅಂತ."

ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿಗೆ ಹೋಗಿ ಹೊಸ ಪಂಪು ತಂದೆ. ಬಚ್ಚಲಿನದೇ ಇತ್ತು, ಆದರೆ ಕಾರಿಗೆ ಅದನ್ನು ಮುಟ್ಟಿಸಲು ಅಮ್ಮನಿಗೆ ಮನಸ್ಸಿರಲಿಲ್ಲ, ಮಡಿ. ಅವಳು ಹಂಡೆಯಿಂದ ಕುದಿನೀರು ತೋಡಿ ತೋಡಿ ಹುಯ್ದಳು. ನಾನು ಪಂಪು ಒತ್ತಿ, ಒಂದು ಕಾಲನ್ನು ಚಕ್ರಕ್ಕೆ ಕೊಟ್ಟು, ಎಳೆದೆ. ಪಂಪು ಕಿತ್ತುಕೊಂಡು ಬಂದು ನಾನು ಹಿಂದಕ್ಕೆ ಬಿದ್ದೆ. ಮತ್ತೆ ಎಳೆದೆ, ಮತ್ತೆ ಬಿದ್ದೆ. ನನ್ನ ಲುಂಗಿ ನೆನೆದು, ಶೆಡ್ಡಿನ ತುಂಬ ಹಬೆ ಎದ್ದು, ಕಾಂಪೌಂಡಿನ ಮೇಲಿಂದ ಆಂಟಿ "ಇನ್ನೂ ಬಿಸಿ ಬೇಕೇನೋ" ಎಂದು ಸಲಹೆ ಕೊಟ್ಟರೂ ನೆಗ್ಗು ಅಲುಗಾಡಲಿಲ್ಲ. ಕಲ್ಲು ಹಿಡಿದು ಎಳೆದಂತಿತ್ತು. ಅಮ್ಮ ಕೊನೆಯ ಚೊಂಬನ್ನು ಹುಯ್ಯದೆ ಕೈಯಲ್ಲೇ ಹಿಡಿದುಕೊಂಡು, "ಸಾಕು ಬಿಡು, ನನ್ನ ಏಟು ಅಷ್ಟು ಜೋರಾಗಿತ್ತು ಅನ್ಸುತ್ತೆ" ಎಂದಳು.

ಅಪ್ಪ ವಾಪಸು ಬಂದು, ನೆಗ್ಗಿನ ಸುತ್ತ ಉಂಗುರ ಉಂಗುರವಾಗಿ ಉಳಿದಿದ್ದ ಪಂಪಿನ ಗುರುತು ನೋಡಿದರು. ರಂಗೋಲಿಯ ಮಾತಿಗೆ ಒಂದು ಬಾಲ ಸೇರಿತು. "ಈಗ ಚುಕ್ಕಿ ಸಮೇತ ಇಟ್ಟಿದಾರೆ ಅಮ್ಮ ಮಗ."

ಆ ವರ್ಷದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಮಾವನಿಂದ ಫೋನ್ ಬಂತು. ಅಜ್ಜಿಗೆ ಉಸಿರಾಟ ಕೆಟ್ಟಿದೆ, ತಕ್ಷಣ ಹೊರಡು ಎಂದು. ಅಪ್ಪ ಆಫೀಸಿಗೆ ಹೋಗಿಯಾಗಿತ್ತು, ನಾನೂ ಮನೆಯಲ್ಲಿರಲಿಲ್ಲ. ಕಾರು ಶೆಡ್ಡಿನಲ್ಲಿತ್ತು. ಬೀಗದಕೈ ದೇವರಮನೆಯ ಪಕ್ಕದ ಮೊಳೆಯಲ್ಲಿ ನೇತಾಡುತ್ತಿತ್ತು. ಅಮ್ಮ ಅದನ್ನು ಕೈಗೆ ತೆಗೆದುಕೊಂಡಳಂತೆ, ಮತ್ತೆ ಮೊಳೆಗೇ ಹಾಕಿದಳಂತೆ. ಇದನ್ನು ಅವಳು ಬಹಳ ದಿನ ಬಿಟ್ಟು ಹೇಳಿದ್ದು. ರಸ್ತೆಗೆ ಹೋಗಿ ನಿಂತರೆ ಆಟೋದವರು ತ್ಯಾಗರಾಜನಗರಕ್ಕೆ ಬರಲ್ಲ ಎಂದರು. ಮೊದಲ ಬಸ್ಸು ಹತ್ತಿ, ಇಳಿದು, ಎರಡನೆಯದಕ್ಕೆ ಕಾದಳು. ಅವಳು ಮುಟ್ಟುವ ಹೊತ್ತಿಗೆ ಅಜ್ಜಿಯನ್ನು ಹಾಸಿಗೆಯಿಂದ ನೆಲಕ್ಕೆ ಇಳಿಸಿದ್ದರು.

ವೈಕುಂಠ ಸಮಾರಾಧನೆಯ ದಿನ ಮಾವನ ಮನೆಯ ಮುಂದೆ ನಮ್ಮ ಫಿಯಟ್ಟು ನಿಂತಿತ್ತು. ಊಟ ಮುಗಿಸಿದ ಗಂಡಸರು ಎಲೆಅಡಿಕೆ ಹಾಕಿಕೊಂಡು ನೆರಳಿಗೆಂದು ಅದರ ಪಕ್ಕ ಸೇರಿದರು. ಯಾರೋ ನೆಗ್ಗಿನ ಮೇಲೆ ಕೈಯಾಡಿಸಿದರು. ಅಪ್ಪ ರಂಗೋಲಿಯ ಮಾತು ಹೇಳಿದರು. ಅಮ್ಮ ಒಳಗೆ ಹೆಂಗಸರ ಪಂಕ್ತಿಗೆ ವಡೆ ಬಡಿಸುತ್ತಿದ್ದಳು. ಹೊರಗಿನ ನಗು ಒಳಗೆ ಚೆನ್ನಾಗಿಯೇ ಕೇಳಿಸುತ್ತಿತ್ತು.

ವರ್ಷಗಳು ಕಳೆದವು. ಎರಡು ಸಾವಿರದ ಇಸವಿ ದಾಟಿದ ಮೇಲೆ, ಅಪ್ಪ ನಿವೃತ್ತರಾಗಿ, ಫಿಯಟ್ಟನ್ನು ಮಾರಿ ಮಾರುತಿ ಕೊಳ್ಳುವ ಮಾತು ಬಂತು. ಬಾಗಿಲು ಸರಿ ಮಾಡಿಸಿಕೊಟ್ಟರೆ ಮಾತ್ರ ತೆಗೆದುಕೊಳ್ಳುತ್ತೇವೆ ಎಂದರು ನೋಡಲು ಬಂದವರು. ಅಪ್ಪ ಆಗಷ್ಟೇ ಕಣ್ಣಿನ ಪೊರೆ ತೆಗೆಸಿಕೊಂಡು ಕಪ್ಪು ಕನ್ನಡಕದಲ್ಲಿ ಕೂತಿದ್ದರು.

"ನಾನೇ ತಗೊಂಡು ಹೋಗ್ತೀನಿ, ಹದಿನೈದು ದಿನ ತಡಿ" ಎಂದರು.

"ಅವರಿಗೆ ಅವಸರ. ನಾನು ಮಾಡಿಸ್ತೀನಿ ಬಿಡಿ."

"ನಿನಗೆ ಗೊತ್ತಾಗಲ್ಲ. ಅವರು ಮೋಸ ಮಾಡ್ತಾರೆ."

ಮೋಸ ಗೊತ್ತಾಗದಿರುವುದು ಪತ್ರಕರ್ತನಿಗೆ ಅವಮಾನ. ಮರುದಿನವೇ ಕಾರನ್ನು ಸುದ್ದಗುಂಟೆಪಾಳ್ಯದ ಮುನಿರಾಜುವಿನ ಶೆಡ್ಡಿಗೆ ಒಯ್ದೆ. ಮುನಿರಾಜು ಆ ಊರಿನ ಹಳಬ. ಹೊಲವಿದ್ದ ಕಡೆ ಮನೆಗಳನ್ನು ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದ. "ಆ ಬಿಲ್ಡಿಂಗು ನಮ್ದೇ, ಅದರ ಹಿಂದಿಂದೂ ನಮ್ದೇ. ಈ ಟಿಂಕರಿಂಗು ಏನೋ ಶೋಕಿಗೆ ಮಾಡ್ಕೊಂಡಿವ್ನಿ ಸಾರ್" ಎನ್ನುತ್ತಾ, ಕೊರಳಿನ ಚಿನ್ನದ ಚೈನನ್ನು ಅಂಗಿಯೊಳಗೆ ಸೇರಿಸಿಕೊಂಡು ಕೆಲಸಕ್ಕೆ ಕೂತ.

ಬಣ್ಣ ಕೆರೆದು, ಸುತ್ತಿಗೆಯಿಂದ ಒಂದು ಏಟು ಕೊಟ್ಟ. ಬಾಗಿಲಿನಿಂದ ಹೋಳಿಗೆಯಗಲದ ಬೂದು ಹೆಕ್ಕಳೆ ಕಳಚಿ ಅವನ ತೊಡೆಯ ಮೇಲೆ ಬಿತ್ತು.

"ಏನ್ ಸಾರ್ ಇದು, ಬಾಗ್ಲಾ ಅಂದ್ರೆ ಬಾಗ್ಲಲ್ಲ, ಬರೀ ಪುಟ್ಟಿ. ಯಾರೋ ಸಖತ್ತಾಗಿ ಮೇಕಪ್ ಮಾಡವ್ರೆ."

ಪುಟ್ಟಿ ಎಂದರೆ ನೆಗ್ಗನ್ನು ಬಡಿದು ಎತ್ತುವ ಬದಲು ಅದರೊಳಗೆ ಮೆತ್ತಿ, ಒಣಗಿಸಿ, ಉಪ್ಪುಕಾಗದದಲ್ಲಿ ಉಜ್ಜಿ ನುಣುಪು ಮಾಡುವ ಹಿಟ್ಟು. ಮೇಲೆ ಬಣ್ಣ ಹೊಡೆದರೆ ಗೊತ್ತಾಗುವುದಿಲ್ಲ. ಸ್ವಲ್ಪ ತಗುಲಿದರೆ ಒಡೆಯುತ್ತದೆ. ಕಳಚಿದ ಜಾಗದಲ್ಲಿ ನಾವು ಇಷ್ಟು ವರ್ಷ ನೋಡಿದ ಗುಳಿಯ ಎರಡರಷ್ಟು ಆಳದ ಗುಳಿಯಿತ್ತು. ಅದರ ತಳದಲ್ಲಿ ಕಾರಿನ ಮೊದಲ ಬಾದಾಮಿ ಬಣ್ಣವೇ ಗೀರುಗೀರಾಗಿ ಕಾಣುತ್ತಿತ್ತು.

"ಮೊದ್ಲೇ ಯಾರೋ ಗುಮ್ಮವ್ರೆ. ಪುಟ್ಟಿ ಹಾಕ್ಸವ್ರೆ. ಆಮೇಲೆ ಇನ್ಯಾರೋ ಒಸಿ ಸವರವ್ರೆ, ಪುಟ್ಟಿ ಒಡ್ದದೆ" ಎಂದ ಮುನಿರಾಜು. "ಸೆಕೆಂಡ್ ಹ್ಯಾಂಡಾ ಸಾರ್ ಗಾಡಿ?"

"ಅಲ್ಲ, ಹೊಸದೇ ತಗೊಂಡಿದ್ದು."

"ಹಂಗಾದ್ರೆ ನಿಮ್ಮನೇಲೇ ಕೇಳ್ಕೊಳಿ" ಎಂದು ಅವನು ಬೀಡಿ ಹಚ್ಚಿದ. ಅವನ ಪಾಲಿಗೆ ಅದು ಅಲ್ಲಿಗೆ ಮುಗಿಯಿತು.

ನನಗೆ ಉದುರಿದ ಪುಡಿ ನೆನಪಾಯಿತು, ಗೀರಿಲ್ಲದ ಕಂಬ ನೆನಪಾಯಿತು, ಎಷ್ಟು ಎಳೆದರೂ ಬಾರದ ನೆಗ್ಗು ನೆನಪಾಯಿತು. ಅಮ್ಮ ಕಲಿಯುವುದಕ್ಕೆ ಮೊದಲು, ಕ್ಲಚ್ ಪ್ಲೇಟ್ ಹೋಗಿದೆ ಎಂದು ಅಪ್ಪ ಒಂದು ವಾರ ಕಾರನ್ನು ಎಲ್ಲೋ ಬಿಟ್ಟು ಬಂದಿದ್ದರು. ಆಗ ಆ ಕಾರನ್ನು ಓಡಿಸುತ್ತಿದ್ದವರು ಒಬ್ಬರೇ. ಕೆಳಗೆ ಬಿದ್ದಿದ್ದ ಪುಟ್ಟಿಯ ತುಂಡನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಮನೆಗೆ ಬಂದು, ಅಪ್ಪನ ಮುಂದಿನ ಟೀಪಾಯಿಯ ಮೇಲೆ ಇಟ್ಟೆ.

"ಏನಿದು?"

"ಪುಟ್ಟಿ. ಎಡಬಾಗಿಲೊಳಗಿತ್ತು."

ಅಪ್ಪ ಕಪ್ಪು ಕನ್ನಡಕ ತೆಗೆಯಲಿಲ್ಲ. ಡಾಕ್ಟರು ತೆಗೆಯಬಾರದೆಂದು ಹೇಳಿದ್ದರು. ಅದು ಅವರಿಗೆ ಅನುಕೂಲವೇ ಆಯಿತು.

"ಕೋಣನಕುಂಟೇಲಿ ಸೈಟು ನೋಡೋಕೆ ಹೋಗಿದ್ದೆ. ಎಮ್ಮೆ ಅಡ್ಡ ಬಂತು. ತಿರುಗಿಸಿದೆ, ಕಲ್ಲಿನ ಕಂಬ. ಅದನ್ನೇನು ಡಂಗುರ ಹೊಡೀಬೇಕಿತ್ತಾ?"

"ಅಮ್ಮಂದು ಇಷ್ಟು ವರ್ಷ ಹೊಡೆದ್ರಲ್ಲ."

"ತಮಾಷೆಗೆ ಹೇಳಿದ್ದಪ್ಪ. ಅವಳೂ ನಗ್ತಿದ್ದಳು."

ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ ತಿಳಿಯದು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು ಆ ತುಂಡನ್ನು ಎತ್ತಿಕೊಂಡಳು. ತಿರುಗಿಸಿ ನೋಡಿದಳು. ಅಪ್ಪನನ್ನಲ್ಲ, ನನ್ನನ್ನು ಕೇಳಿದಳು.

"ಅಂದ್ರೆ ಇದ್ರಲ್ಲಿ ನಂದೆಷ್ಟು?"

"ನಿಂದು ಬರೀ ಸವರಿದ್ದಮ್ಮ. ತಗಡಿಗೆ ಏನೂ ಆಗಿಲ್ಲ."

"ಒಂಚೂರೂ ನೆಗ್ಗಿಲ್ಲವಾ?"

"ಇಲ್ಲ."

ಅವಳು ಅದನ್ನು ಟೀಪಾಯಿಯ ಮೇಲೆ ಇಟ್ಟಳು. "ಸಾರಿಗೆ ಒಗ್ಗರಣೆ ಹಾಕಿಲ್ಲ" ಎಂದು ಒಳಗೆ ಹೋದಳು. ಒಗ್ಗರಣೆಯ ಸದ್ದು ಮಾತ್ರ ಬಹಳ ಹೊತ್ತು ಬರಲಿಲ್ಲ. ಅವಳು ಅಜ್ಜಿಯ ಹೆಸರು ಎತ್ತುತ್ತಾಳೆಂದು ನಾನು ಕಾದೆ. ಅಪ್ಪನೂ ಕಾದರೆಂದು ತೋರುತ್ತದೆ, ಅಡುಗೆಮನೆಯ ಕಡೆಗೇ ಮುಖ ಮಾಡಿ ಕೂತಿದ್ದರು. ಅವಳು ಎತ್ತಲಿಲ್ಲ.

ಪತ್ರಿಕೆಯಲ್ಲಿ ತಪ್ಪು ಸುದ್ದಿ ಹೋದರೆ ಮರುದಿನ ಒಳಪುಟದ ಮೂಲೆಯಲ್ಲಿ ತಿದ್ದುಪಡಿ ಹಾಕುತ್ತೇವೆ. ಸಣ್ಣ ಅಕ್ಷರದಲ್ಲಿ ಹಾಕುತ್ತೇವೆ, ಯಾರೂ ಓದುವುದಿಲ್ಲ, ಆದರೂ ಹಾಕುತ್ತೇವೆ. ನಮ್ಮ ಮನೆಯಲ್ಲಿ ಅಷ್ಟು ಜಾಗವೂ ಸಿಗಲಿಲ್ಲ.

ಮುನಿರಾಜು ಬಾಗಿಲನ್ನು ಕನ್ನಡಿಯಂತೆ ಮಾಡಿಕೊಟ್ಟ. ಅಷ್ಟರಲ್ಲಿ ಕೊಳ್ಳುವೆನೆಂದವರು ಹಿಂದೆ ಸರಿದಿದ್ದರು. ಫಿಯಟ್ಟು ಇನ್ನೂ ಕೆಲವು ತಿಂಗಳು ನಮ್ಮಲ್ಲೇ ಉಳಿಯಿತು. ಬನಶಂಕರಿಯಲ್ಲಿ ನೆಂಟರ ಮನೆಯ ಗೃಹಪ್ರವೇಶಕ್ಕೆ ಅದರಲ್ಲೇ ಹೋದೆವು. ಊಟವಾದ ಮೇಲೆ ಹಳೆಯ ನೆಂಟರೊಬ್ಬರು ಕಾರಿನ ಸುತ್ತ ಬಂದು, "ಎಲ್ರೀ ನಿಮ್ಮ ಯಜಮಾನತಿ ಬಿಟ್ಟ ರಂಗೋಲಿ? ಕಾಣಿಸ್ತಿಲ್ವಲ್ಲ" ಎಂದರು.

ಅಪ್ಪ ನನ್ನ ಕಡೆ ಒಮ್ಮೆ ನೋಡಿದರು. ನಾನು ಪಕ್ಕದಲ್ಲೇ ಇದ್ದೆ. ಅಮ್ಮ ತಾಂಬೂಲದ ಚೀಲ ಹಿಡಿದು ಮೆಟ್ಟಿಲಿಳಿಯುತ್ತಿದ್ದಳು.

"ತೆಗೆಸಿಬಿಟ್ಟೆ ಕಣ್ರೀ" ಎಂದರು ಅಪ್ಪ. "ಪಾಪ, ಎಷ್ಟು ದಿನ ಅಂತ. ಅವಳಿಗೂ ಬೇಜಾರಾಗುತ್ತಲ್ಲ."

"ನೋಡಿದ್ಯಾ?" ಎಂದು ಆ ನೆಂಟರ ಹೆಂಡತಿ ಅಮ್ಮನ ಭುಜ ತಟ್ಟಿದರು. "ಇಂಥ ಗಂಡ ಸಿಗೋಕೆ ಪುಣ್ಯ ಮಾಡಿರ್ಬೇಕು."

"ಹೂಂ" ಎಂದಳು ಅಮ್ಮ.

ಅಪ್ಪ ಅವಳಿಗೆಂದು ಮುಂದಿನ ಎಡಬಾಗಿಲು ತೆರೆದು ಹಿಡಿದರು. ನಾಲ್ಕು ಜನ ನೋಡುತ್ತಿದ್ದರಲ್ಲ. ಅಮ್ಮ ಅದನ್ನು ದಾಟಿ, ಹಿಂದಿನ ಬಾಗಿಲನ್ನು ತಾನೇ ತೆಗೆದುಕೊಂಡು ಹಿಂದೆ ಕೂತಳು. ಮುಂದೆ ಕೂರಬೇಕಾದವನು ನಾನಾದೆ.

ಆಮೇಲೆ ಮಾರುತಿ ಬಂತು. ಅದರಲ್ಲೂ ಅಮ್ಮ ಹಿಂದೆಯೇ ಕೂತಳು. ನಾನು ಜೊತೆಗಿಲ್ಲದ ದಿನ ಮುಂದಿನ ಸೀಟು ಖಾಲಿಯೇ ಇರುತ್ತಿತ್ತು. "ಮುಂದೆ ಬಾ, ನೋಡಿದವರು ಏನಂದ್ಕೋತಾರೆ" ಎಂದು ಅಪ್ಪ ಮೊದಮೊದಲು ಕರೆದರು. "ಇಲ್ಲೇ ಗಾಳಿ ಚೆನ್ನಾಗಿದೆ" ಎನ್ನುತ್ತಿದ್ದಳು. ಅಪ್ಪ ಕರೆಯುವುದನ್ನು ಬಿಟ್ಟರು.

ಜಯನಗರದ ಒಂದು ಕಲ್ಯಾಣಮಂಟಪಕ್ಕೆ ಮದುವೆಗೆಂದು ಅವರಿಬ್ಬರೂ ಬಂದಾಗ ನಾನು ಮೊದಲೇ ಹೋಗಿ ಗೇಟಿನಲ್ಲಿ ನಿಂತಿದ್ದೆ. ವಾಚ್‌ಮನ್ ಕೈ ಅಡ್ಡ ಹಿಡಿದು ಕಾರು ನಿಲ್ಲಿಸಿದ. ಮುಂದೆ ಬಿಳಿ ಅಂಗಿಯ ಮುದುಕರು ಒಬ್ಬರೇ, ಹಿಂದೆ ರೇಷ್ಮೆ ಸೀರೆಯ ಹೆಂಗಸು.

"ಮೇಡಮ್ಮೋರ್ನ ಇಲ್ಲೇ ಇಳಿಸ್ಬಿಟ್ಟು, ಗಾಡಿ ಹಿಂದ್ಗಡೆ ಹಾಕಪ್ಪ. ಡ್ರೈವರ್‌ಗಳಿಗೆಲ್ಲ ಅಲ್ಲೇ ಊಟ."

ಅಪ್ಪ ಕನ್ನಡಿಯಲ್ಲಿ ಅಮ್ಮನನ್ನು ನೋಡಿದರು. ಅವಳು ಒಂದು ಮಾತು ಹೇಳಲಿ ಎಂದು ಕಾದರು. ವಾಚ್‌ಮನ್ನೂ ಕಾದ.

ಅಮ್ಮ ಸೀರೆಯ ನಿರಿಗೆ ಸರಿಮಾಡಿಕೊಂಡು ಇಳಿದಳು, ಬಾಗಿಲನ್ನು ಮೆಲ್ಲಗೆ ಹಾಕಿ ಒಳಗೆ ನಡೆದಳು.